ಒಂದೇ ತಾರೀಖಿನ ಹಾಡಿನ ಚರಿತ್ರೆ ಕಟ್ಟುವುದು ಹೇಗೆ: ಕೋಲಾರದಿಂದ ಒಂದು ಸಮಗ್ರ ಮಾರ್ಗದರ್ಶಿ

ಕೋಲಾರದಲ್ಲಿ ನಮ್ಮ ಬಡಾವಣೆಯ ವಾಚನಾಲಯದ ಬಾಗಿಲ ಪಕ್ಕ ಒಂದು ಕಪ್ಪು ಹಲಗೆ ಇದೆ. ಮೊದಲು ಅದರ ಮೇಲೆ ನಲ್ಲಿ ನೀರು ಬರುವ ದಿನ ಬರೆಯುತ್ತಿದ್ದರು. ಈಗ ತಿಂಗಳಿಗೊಂದು ಸಲ ನಾನು ಅಲ್ಲಿ ಒಂದು ತಾರೀಖು ಬರೆಯುತ್ತೇನೆ. ಕೆಳಗೆ ನಾಲ್ಕೈದು ಸಾಲು: ಆ ತಾರೀಖಿನಂದು ಹಾಡಿನ ಲೋಕದಲ್ಲಿ ಏನಾಯ್ತು ಅಂತ. ಅವತ್ತೇ ಸಂಜೆ ವಾಚನಾಲಯದ ಒಳಗೆ ಐದು ಹಾಡು. ತರಕಾರಿ ಚೀಲ ಹಿಡಿದುಕೊಂಡು ಹೋಗುವವರು ನಿಂತು ಓದುತ್ತಾರೆ. ಕೆಲವರು ಚೀಲ ಮನೆಯಲ್ಲಿಟ್ಟು ಸಂಜೆ ವಾಪಸ್ ಬರುತ್ತಾರೆ.

ಇದನ್ನು ಯಾರು ಬೇಕಾದರೂ ಮಾಡಬಹುದು. ಶಾಲೆ, ಯುವಕ ಸಂಘ, ಮಹಿಳಾ ಸಂಘ, ಎಲ್ಲಿ ಬೇಕಾದರೂ. ಫೋನಿನಲ್ಲಿ ಹುಡುಕಿದರೆ ಯಾವ ತಾರೀಖಿಗಾದರೂ ಇಪ್ಪತ್ತು ಸಂಗತಿ ಸಿಗುತ್ತವೆ. ಆ ಇಪ್ಪತ್ತನ್ನು ಹಾಗೇ ಓದಿದರೆ ಜನ ಎರಡನೇ ನಿಮಿಷಕ್ಕೆ ಎದ್ದು ಹೋಗುತ್ತಾರೆ. ತಾರೀಖು ಅನ್ನೋದು ಒಂದು ಗೂಟ, ಅಷ್ಟೇ. ಆ ಗೂಟದಿಂದ ನಮ್ಮೂರಿನವರೆಗೆ ಒಂದು ದಾರ ಎಳೆಯಬೇಕು. ಆ ದಾರ ಸಿಗುವವರೆಗೆ ಹುಡುಕಬೇಕು. ಹೇಗೆ ಅಂತ ಡಿಸೆಂಬರ್ 29ನ್ನು ಮುಂದಿಟ್ಟುಕೊಂಡು ಹೇಳುತ್ತೇನೆ. ಯಾಕೆ ಆ ದಿನ ಅಂತ ಓದುತ್ತಾ ಗೊತ್ತಾಗುತ್ತದೆ.

ಹೆಜ್ಜೆ 1: ದಿನ ಆರಿಸಿಕೊಳ್ಳಿ

ಕನಿಷ್ಠ ಒಂದೂವರೆ ತಿಂಗಳು ಮೊದಲು ಶುರು ಮಾಡಿ. ನಾಳೆ ಕಾರ್ಯಕ್ರಮ ಅಂತ ಇವತ್ತು ಕೂತರೆ ತಪ್ಪು ತಾರೀಖು ನುಸುಳುತ್ತದೆ.

ಎಷ್ಟು ಸಂಗತಿ ಸಿಗುತ್ತವೆ ಅಂತ ಎಣಿಸಿ ದಿನ ಆರಿಸಬೇಡಿ. ನಡುವೆ ಗಟ್ಟಿಯಾಗಿ ನಿಲ್ಲುವ ಒಬ್ಬ ವ್ಯಕ್ತಿ ಅಥವಾ ಒಂದು ಹಾಡು ಇದೆಯಾ ನೋಡಿ. ಏಪ್ರಿಲ್ 24 ಡಾ. ರಾಜ್‌ಕುಮಾರ್ ಹುಟ್ಟಿದ ದಿನ, 1929. ಆದರೆ ಅವತ್ತು ಪ್ರತಿ ಸರ್ಕಲ್ಲಿನಲ್ಲೂ ಸ್ಪೀಕರ್ ಇರುತ್ತದೆ, ನಿಮ್ಮ ಹಾಡು ಯಾರಿಗೂ ಕೇಳಿಸುವುದಿಲ್ಲ. ಮೊದಲ ಸಲಕ್ಕೆ ಸ್ವಲ್ಪ ಖಾಲಿ ಇರುವ ದಿನ ಒಳ್ಳೆಯದು.

ನನಗೆ ಇಷ್ಟವಾದ ಎರಡು ದಿನ ಹೇಳುತ್ತೇನೆ. ಜನವರಿ 6: ತ್ಯಾಗರಾಜರು ತೀರಿಕೊಂಡದ್ದು 1847ರಲ್ಲಿ ಇದೇ ದಿನ. ಎ. ಆರ್. ರೆಹಮಾನ್ ಹುಟ್ಟಿದ್ದು 1967ರಲ್ಲಿ. ‘ಜಯ ಭಾರತ ಜನನಿಯ ತನುಜಾತೆ’ ನಾಡಗೀತೆ ಅಂತ ಘೋಷಣೆಯಾದದ್ದು 2004ರಲ್ಲಿ. ಇನ್ನೊಂದು ಫೆಬ್ರವರಿ 4: 1922ರಲ್ಲಿ ಭೀಮಸೇನ ಜೋಶಿ ಹುಟ್ಟಿದರು, 1983ರಲ್ಲಿ ಅಮೆರಿಕದ ಕ್ಯಾರೆನ್ ಕಾರ್ಪೆಂಟರ್ ತೀರಿಕೊಂಡರು, 2023ರಲ್ಲಿ ವಾಣಿ ಜಯರಾಂ. ಮೂರು ದನಿಗಳಿಗೂ ಒಂದಕ್ಕೊಂದು ಸಂಬಂಧವೇ ಇಲ್ಲ. ಒಂದಾದ ಮೇಲೆ ಒಂದು ಕೇಳಿ ನೋಡಿ, ಅಂಥ ಸಂಜೆ ಮರೆಯೋಕಾಗಲ್ಲ.

ಇಲ್ಲೇ ಒಂದು ಮಾತು. ನಮ್ಮ ಕಡೆ ಹಾಡಿನ ಹಬ್ಬಗಳು ಜಾಸ್ತಿ ನಡೆಯುವುದು ತಿಥಿಯ ಪ್ರಕಾರ. ತ್ಯಾಗರಾಜರ ಆರಾಧನೆ ಪುಷ್ಯ ಬಹುಳ ಪಂಚಮಿ. ಪುರಂದರದಾಸರದ್ದು ಪುಷ್ಯ ಬಹುಳ ಅಮಾವಾಸ್ಯೆ. ಕೈವಾರದಲ್ಲಿ ಸಂತಕವಿ ತಾತಯ್ಯನವರ ಸನ್ನಿಧಿಯ ಸಂಗೀತೋತ್ಸವ ಗುರುಪೂರ್ಣಿಮೆಗೆ. ನಮ್ಮ ಅಂತರಗಂಗೆ ಬೆಟ್ಟದ ಮೇಲೆ ‘ಆದಿಮ’ ಸಾಂಸ್ಕೃತಿಕ ಕೇಂದ್ರದವರು ಮಾಡುವ ‘ಹುಣ್ಣಿಮೆ ಹಾಡು’ ಹೆಸರಲ್ಲೇ ಹುಣ್ಣಿಮೆ ಇಟ್ಟುಕೊಂಡಿದೆ. ಇವೆಲ್ಲ ಪ್ರತಿವರ್ಷ ಬೇರೆ ಬೇರೆ ತಾರೀಖಿಗೆ ಬರುತ್ತವೆ. ಹಾಗಾಗಿ ತ್ಯಾಗರಾಜರನ್ನು ಜನವರಿ 6ಕ್ಕೆ ನೆನೆಯುವುದಾದರೆ, ಇದು ಇಂಗ್ಲಿಷ್ ತಾರೀಖು, ಆರಾಧನೆ ಬೇರೆ ದಿನ ಅಂತ ಹಲಗೆಯ ಮೇಲೇ ಬರೆದುಬಿಡಿ. ಇಲ್ಲದಿದ್ದರೆ ಹಿರಿಯರಿಗೆ ಬೇಸರವಾಗುತ್ತದೆ. ಅವರ ಬೇಸರಕ್ಕೆ ಕಾರಣ ಇದೆ ಅಲ್ವಾ?

ಹೆಜ್ಜೆ 2: ನೋಟ್‌ಬುಕ್ ತೆರೆಯಿರಿ

ಇನ್ನೂರು ಪುಟದ ಒಂದು ನೋಟ್‌ಬುಕ್ ಸಾಕು. ಪುಟಕ್ಕೆ ನಾಲ್ಕು ಗೆರೆ ಹಾಕಿ: ಇಸವಿ, ಏನಾಯ್ತು, ಎಲ್ಲಿ ನೋಡಿದೆ, ಎರಡನೇ ಕಡೆ ಸಿಕ್ಕಿತಾ. ನಾಲ್ಕನೆಯ ಕಾಲಂ ಖಾಲಿ ಇರುವ ಯಾವ ಸಂಗತಿಯೂ ಹಲಗೆಗೆ ಹೋಗಬಾರದು. ಈ ಒಂದು ನಿಯಮ ನನ್ನನ್ನು ಎಷ್ಟೋ ಸಲ ಕಾಪಾಡಿದೆ.

ಎಲ್ಲಿ ಹುಡುಕಬೇಕು? ಫೋನಿನಿಂದ ಶುರು ಮಾಡಿ, ಅಲ್ಲಿಗೇ ನಿಲ್ಲಿಸಬೇಡಿ. ಗ್ರಂಥಾಲಯದಲ್ಲಿ ಹಳೆಯ ಪೇಪರುಗಳ ಕಟ್ಟು ಇದ್ದರೆ ಕೇಳಿ ತೆಗೆಸಿಕೊಳ್ಳಿ. ಮನೆಗಳಲ್ಲಿ ಎಲ್‌ಪಿ ರೆಕಾರ್ಡಿನ ಕವರ್, ಕ್ಯಾಸೆಟ್ಟಿನ ಒಳಗಿನ ಕಾಗದ ಇರುತ್ತವೆ. ಅದರಲ್ಲಿ ಇಸವಿ ಇರುತ್ತದೆ, ತಾರೀಖು ಇರುವುದು ಅಪರೂಪ. ಸಿನಿಮಾ ಪದ್ಯಾವಳಿ ಸಿಕ್ಕರಂತೂ ಬಿಡಬೇಡಿ. ಟಾಕೀಸಿನ ಮುಂದೆ ಮಾರುತ್ತಿದ್ದ ತೆಳ್ಳನೆ ಹಾಡಿನ ಪುಸ್ತಕ. ನನ್ನ ಹತ್ತಿರ ಒಂದಿದೆ. ನಡುವೆ ಒಂದೇ ಪಿನ್ನು, ಅದೂ ತುಕ್ಕು ಹಿಡಿದು ಕಾಗದದ ಮೇಲೆ ಕಂದು ಗೆರೆ ಬಿದ್ದಿದೆ. ಕೊನೆಯ ಪುಟದಲ್ಲಿ ಯಾರೋ ಪೆನ್ಸಿಲಿನಲ್ಲಿ ಸಿನಿಮಾ ನೋಡಿದ ತಾರೀಖು ಬರೆದಿದ್ದಾರೆ, ಪಕ್ಕದಲ್ಲಿ ಒಂದು ಹಾಡಿಗೆ ಎರಡು ಸಲ ಗುರುತು ಹಾಕಿದ್ದಾರೆ. ಬೆಂಗಳೂರಿನಲ್ಲಿ ಬಿಡುಗಡೆಯಾದ ಸಿನಿಮಾ ನಮ್ಮ ಕಡೆ ಟೆಂಟಿಗೆ ಬರುವಷ್ಟರಲ್ಲಿ ಆಗ ಬಹಳ ದಿನ ಹಿಡಿಯುತ್ತಿತ್ತು. ಆ ಪೆನ್ಸಿಲ್ ಬರಹ ನಮ್ಮೂರಿಗೆ ಆ ಹಾಡು ಬಂದ ದಿನ. ಅಂಥದ್ದು ಯಾವ ವೆಬ್‌ಸೈಟಿನಲ್ಲೂ ಸಿಗುವುದಿಲ್ಲ.

ಡಿಸೆಂಬರ್ 29ಕ್ಕೆ ನನ್ನ ಪುಟದಲ್ಲಿ ಕೂಡಿದ್ದು ಇಷ್ಟು. 1904, ಕುವೆಂಪು ಹುಟ್ಟಿದರು. 1939, ಸಿ. ಅಶ್ವಥ್ ಚನ್ನರಾಯಪಟ್ಟಣದಲ್ಲಿ ಹುಟ್ಟಿದರು. 1942, ರಾಜೇಶ್ ಖನ್ನಾ ಅಮೃತಸರದಲ್ಲಿ. 1946, ಇಂಗ್ಲೆಂಡಿನ ಗಾಯಕಿ ಮರಿಯಾನ್ ಫೇಯ್ತ್‌ಫುಲ್ ಲಂಡನ್ನಿನಲ್ಲಿ. 1966, ಬೀಟಲ್ಸ್ ತಂಡ ಲಂಡನ್ನಿನ ಸ್ಟುಡಿಯೋದಲ್ಲಿ ‘ಪೆನ್ನಿ ಲೇನ್’ ಹಾಡಿನ ರೆಕಾರ್ಡಿಂಗ್ ಶುರು ಮಾಡಿತು. 1980, ಅಮೆರಿಕದ ಹಾಡುಗಾರ ಟಿಮ್ ಹಾರ್ಡಿನ್ ತೀರಿಕೊಂಡರು. 2008, ಜಾಝ್ ಟ್ರಂಪೆಟ್ ವಾದಕ ಫ್ರೆಡ್ಡಿ ಹಬರ್ಡ್. 2009, ಸಿ. ಅಶ್ವಥ್.

ಹೌದು, ಅಶ್ವಥ್ ಎರಡು ಸಲ. ಹುಟ್ಟಿದ ದಿನವೇ ಹೋದರು, ಸರಿಯಾಗಿ 70 ವರ್ಷಕ್ಕೆ.

ಹೆಜ್ಜೆ 3: ತಾರೀಖನ್ನು ಅಲುಗಾಡಿಸಿ ನೋಡಿ

ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಇಲ್ಲಿ ಕೊಡಿ. ಹೊಲದಲ್ಲಿ ಕಲ್ಲುಕಂಬ ನೆಟ್ಟ ಮೇಲೆ ಕೈಯಿಂದ ಅಲುಗಾಡಿಸಿ ನೋಡುತ್ತೇವಲ್ಲ, ಹಾಗೆ ಪ್ರತಿ ತಾರೀಖನ್ನೂ ಅಲುಗಾಡಿಸಬೇಕು. ನಾನು ಎಡವಿದ, ಇಲ್ಲವೇ ಎಡವುತ್ತಿದ್ದ ಜಾಗಗಳನ್ನು ಹೇಳುತ್ತೇನೆ.

ಮೊದಲನೆಯದು ಪೇಪರಿನ ತಾರೀಖು. ಮೊದಲ ವರ್ಷ ನಾನು ಅಶ್ವಥ್ ತೀರಿಕೊಂಡದ್ದು ಡಿಸೆಂಬರ್ 30 ಅಂತ ಬರೆದುಕೊಂಡಿದ್ದೆ. ಯಾರೋ ಕೊಟ್ಟ ಕತ್ತರಿಸಿದ ಸುದ್ದಿಯ ಮೇಲೆ ಆ ತಾರೀಖಿತ್ತು. ಅದು ಪೇಪರು ಬಂದ ದಿನ. ಒಳಗೆ ‘ಮಂಗಳವಾರ’ ಅಂತ ಸ್ಪಷ್ಟವಾಗಿತ್ತು, ನಾನು ಗಮನಿಸಿರಲಿಲ್ಲ. 2009ರ ಡಿಸೆಂಬರ್ 29 ಮಂಗಳವಾರ, 30 ಬುಧವಾರ. ಅವತ್ತಿನಿಂದ ಪೇಪರಿನಲ್ಲಿ ಮೊದಲು ವಾರ ನೋಡುತ್ತೇನೆ, ಆಮೇಲೆ ತಾರೀಖು. ವಾರ ಹಿಡಿಯಲು ಹಳೆಯ ಕ್ಯಾಲೆಂಡರ್ ಬೇಕಿಲ್ಲ. ಫೋನಿನ ಕ್ಯಾಲೆಂಡರನ್ನು ಹಿಂದಕ್ಕೆ ಎಳೆದರೆ ಸಾಕು. ಗೋಡೆ ಕ್ಯಾಲೆಂಡರ್ ಇಟ್ಟುಕೊಳ್ಳುವ ಮನೆಯವರಿಗೆ ಇದೂ ಉಪಯೋಗಕ್ಕೆ ಬರುತ್ತದೆ: 2009, 2015, 2026, ಈ ಮೂರು ವರ್ಷಗಳ ವಾರಗಳು ಜನವರಿಯಿಂದ ಡಿಸೆಂಬರ್ ತನಕ ಒಂದೇ.

ಎರಡನೆಯದು ದಿನ ಮತ್ತು ತಿಂಗಳು ಅದಲು ಬದಲಾಗುವುದು. ಶಿಶುನಾಳ ಷರೀಫರು ಹುಟ್ಟಿದ್ದು 3-7-1819. ತೀರಿಕೊಂಡದ್ದು 3-7-1889. ನಾವು ಓದುವುದು ಜುಲೈ 3 ಅಂತ. ಆದರೆ ಕೆಲವು ಕಡೆ ಅವರು ತೀರಿಕೊಂಡದ್ದು ಮಾರ್ಚ್ 7 ಅಂತ ಕಾಣುತ್ತದೆ. ಅಮೆರಿಕದವರ ಹಾಗೆ ತಿಂಗಳನ್ನು ಮೊದಲು ಓದಿದರೆ 3-7 ಮಾರ್ಚ್ 7 ಆಗಿಬಿಡುತ್ತದೆ, ನೋಡಿ. ದಿನ 12 ಅಥವಾ ಅದಕ್ಕಿಂತ ಕಡಿಮೆ ಇರುವ ಪ್ರತಿ ತಾರೀಖಿನಲ್ಲೂ ಈ ಅಪಾಯ ಇದೆ. ನಿಮ್ಮ ನೋಟ್‌ಬುಕ್ಕಿನಲ್ಲಿ ತಿಂಗಳನ್ನು ಯಾವಾಗಲೂ ಅಕ್ಷರದಲ್ಲೇ ಬರೆಯಿರಿ.

ಮೂರನೆಯದು ರೆಕಾರ್ಡಿಂಗ್ ದಿನ ಮತ್ತು ಬಿಡುಗಡೆ ದಿನ. ‘ಪೆನ್ನಿ ಲೇನ್’ ಕೆಲಸ ಶುರುವಾದದ್ದು 1966ರ ಡಿಸೆಂಬರ್ 29. ಜನರ ಕೈಗೆ ರೆಕಾರ್ಡ್ ಬಂದದ್ದು 1967ರ ಫೆಬ್ರವರಿಯಲ್ಲಿ, ಅಮೆರಿಕದಲ್ಲಿ 13ಕ್ಕೆ, ಇಂಗ್ಲೆಂಡಿನಲ್ಲಿ 17ಕ್ಕೆ. ಒಂದು ಹಾಡಿಗೆ ಮೂರು ಹುಟ್ಟುಹಬ್ಬ. ಯಾವುದನ್ನು ಹೇಳುತ್ತಿದ್ದೀರಿ ಅನ್ನುವುದನ್ನು ಬಿಡಿಸಿ ಹೇಳಿ. ಸಿನಿಮಾಕ್ಕೂ ಇದೇ ಮಾತು. ಮೊದಲ ಕನ್ನಡ ಮಾತಿನ ಚಿತ್ರ ‘ಸತಿ ಸುಲೋಚನ’ಕ್ಕೆ 1934ರ ಮಾರ್ಚ್ 3 ಅನ್ನುತ್ತೇವಲ್ಲ, ಅದು ಬೆಂಗಳೂರಿನಲ್ಲಿ ತೆರೆ ಕಂಡ ದಿನ. ಹಾಡು ಧ್ವನಿಮುದ್ರಣವಾದ ದಿನ ಅದಕ್ಕಿಂತ ಹಿಂದಿನದು.

ನಾಲ್ಕನೆಯದು ಗಡಿಯಾರ. ಮೈಕಲ್ ಜಾಕ್ಸನ್ ತೀರಿಕೊಂಡದ್ದು 2009ರ ಜೂನ್ 25, ಲಾಸ್ ಏಂಜಲೀಸಿನಲ್ಲಿ ಮಧ್ಯಾಹ್ನ 2 ಗಂಟೆ 26 ನಿಮಿಷಕ್ಕೆ. ಆಗ ನಮ್ಮಲ್ಲಿ ಜೂನ್ 26ರ ನಸುಕು, ಮೂರು ಗಂಟೆಗೆ ನಾಲ್ಕು ನಿಮಿಷ ಕಮ್ಮಿ. ನಮ್ಮ ಕಾಲೇಜು ಹುಡುಗರು 26 ಅಂತ ನೆನಪಿಟ್ಟುಕೊಂಡಿದ್ದರೆ ಅವರದ್ದೂ ಸುಳ್ಳಲ್ಲ. ನಾನು ಪಾಲಿಸುವ ಕ್ರಮ ಇದು: ಘಟನೆ ನಡೆದ ಊರಿನ ತಾರೀಖು ಹಲಗೆಗೆ, ನಮ್ಮೂರಿನ ತಾರೀಖು ಮಾತಿಗೆ.

ಐದನೆಯದು ಅವರೇ ಬದಲಿಸಿಕೊಂಡ ಹುಟ್ಟುಹಬ್ಬ. ಕೆಜಿಎಫ್ ಕಡೆಯ ತಮಿಳು ಮನೆಗಳಲ್ಲಿ ಇಳಯರಾಜಾ ಅಂದರೆ ಮನೆಯ ಹಿರಿಯಣ್ಣ ಇದ್ದ ಹಾಗೆ. ನಮಗೂ ‘ಗೀತಾ’, ‘ಪಲ್ಲವಿ ಅನುಪಲ್ಲವಿ’ ಕೊಟ್ಟವರು ಅವರೇ ತಾನೇ. ಅವರು ಹುಟ್ಟಿದ್ದು ಜೂನ್ 3. ಅದೇ ದಿನ ಕರುಣಾನಿಧಿಯವರ ಹುಟ್ಟುಹಬ್ಬವೂ ಆದ್ದರಿಂದ, ಆ ದಿನ ಹಿರಿಯರಿಗೇ ಇರಲಿ ಅಂತ ತಮ್ಮದನ್ನು ಜೂನ್ 2ಕ್ಕೆ ತಂದುಕೊಂಡರು. ಹೀಗೆ ಎರಡು ತಾರೀಖು ಸಿಕ್ಕಾಗ ಒಂದನ್ನು ಹೊಡೆದುಹಾಕುವ ಮೊದಲು ಯಾಕೆ ಎರಡಿದೆ ಅಂತ ಹುಡುಕಿ. ಕೆಲವು ಸಲ ತಾರೀಖಿಗಿಂತ ಆ ಕಾರಣವೇ ಹೇಳಬೇಕಾದ ಕಥೆ.

ಹೆಜ್ಜೆ 4: ಹಿರಿಯರ ಹತ್ತಿರ ಕೂತುಕೊಳ್ಳಿ

ಇದಕ್ಕೆ ಬೇರೆ ದಿನದ ಉದಾಹರಣೆ ಕೊಡುತ್ತೇನೆ: ಜುಲೈ 31. 1964ರಲ್ಲಿ ಅಮೆರಿಕದ ಹಾಡುಗಾರ ಜಿಮ್ ರೀವ್ಸ್ ತಾವೇ ಓಡಿಸುತ್ತಿದ್ದ ಸಣ್ಣ ವಿಮಾನ ನ್ಯಾಶ್‌ವಿಲ್ ಹತ್ತಿರ ಮಳೆಗಾಳಿಗೆ ಸಿಕ್ಕಿ ಬಿದ್ದು ತೀರಿಕೊಂಡರು. ಎರಡು ದಿನ ಹುಡುಕಿದ ಮೇಲೆ ಆಗಸ್ಟ್ 2ಕ್ಕೆ ದೇಹ ಸಿಕ್ಕಿತು. 1980ರಲ್ಲಿ ಅದೇ ಜುಲೈ 31ರ ರಾತ್ರಿ ಮುಂಬೈಯಲ್ಲಿ ಮೊಹಮ್ಮದ್ ರಫಿ.

ರಫಿಯವರ ಬಗ್ಗೆ ಕೇಳಲು ಒಬ್ಬ ಹಿರಿಯ ಟೈಲರ್ ಹತ್ತಿರ ಹೋಗಿದ್ದೆ. ಅಂಗಡಿ ಮಗನಿಗೆ ಬಿಟ್ಟುಕೊಟ್ಟು ಈಗ ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತಿರುತ್ತಾರೆ. ಕೈ ಮಾತ್ರ ಸುಮ್ಮನಿರುವುದಿಲ್ಲ, ಕಾಜಾ ಹಾಕುತ್ತಿರುತ್ತದೆ.

‘ಚಾಚಾ, ರಫಿ ತೀರಿಕೊಂಡ ದಿನ ನೆನಪಿದೆಯಾ?’ ಅಂದೆ.

‘ನೆನಪಿಲ್ದೆ ಏನು ಮೇಷ್ಟ್ರೇ. ಶುಕ್ರವಾರ. ರಂಜಾನ್ ತಿಂಗಳು. ಜುಮ್ಮಾ ನಮಾಜಿಗೆ ಹೋಗಿದ್ದಾಗ ಮಸೀದಿ ಹತ್ರ ಒಬ್ರು ಹೇಳಿದ್ರು. ವಾಪಸ್ ಬಂದು ಮಿಷನ್ ಮುಂದೆ ಕೂತೆ. ಕಾಲೇ ಆಡಲಿಲ್ಲ.’

ನನ್ನ ನೋಟ್‌ಬುಕ್ಕಿನಲ್ಲಿ 1980ರ ಜುಲೈ 31 ಗುರುವಾರ ಅಂತಿತ್ತು. ಚಾಚಾ ತಪ್ಪು ಹೇಳುತ್ತಿದ್ದಾರೆ ಅಂದುಕೊಂಡೆ. ಮನೆಗೆ ಬಂದು ಮತ್ತೆ ನೋಡಿದೆ. ರಫಿ ಕಣ್ಣು ಮುಚ್ಚಿದ್ದು ರಾತ್ರಿ ಹತ್ತು ಗಂಟೆಯ ಮೇಲೆ. ಕೋಲಾರಕ್ಕೆ ಸುದ್ದಿ ಬಂದದ್ದು ಮರುದಿನ, ಅಂದರೆ ಆಗಸ್ಟ್ 1, ಶುಕ್ರವಾರ. ಆ ವರ್ಷ ರಂಜಾನ್ ಶುರುವಾದದ್ದು ಜುಲೈ ಮಧ್ಯದಲ್ಲಿ. ಚಾಚಾ ಹೇಳಿದ ಎರಡೂ ಸರಿ. ನನ್ನ ಪುಟದಲ್ಲಿ ಮುಂಬೈನ ತಾರೀಖಿತ್ತು, ಅವರ ನೆನಪಿನಲ್ಲಿ ಕೋಲಾರದ ತಾರೀಖು.

ಹಾಗಾಗಿ ಹಿರಿಯರನ್ನು ‘ಯಾವ ಇಸವಿ?’ ಅಂತ ಕೇಳಬೇಡಿ. ಅದು ಪರೀಕ್ಷೆ ಇದ್ದ ಹಾಗೆ ಇರುತ್ತದೆ, ಗಾಬರಿಯಾಗುತ್ತಾರೆ. ಆಗ ಮನೆಯಲ್ಲಿ ಯಾರ್ಯಾರಿದ್ದರು, ರೇಡಿಯೊ ಎಲ್ಲಿ ಇಟ್ಟಿದ್ದರು, ರಾಗಿ ಕಟಾವು ಆಗಿತ್ತಾ, ಯಾವ ಹಬ್ಬ ಹತ್ತಿರ ಇತ್ತು, ಮಗು ಹುಟ್ಟಿತ್ತಾ, ಹೀಗೆ ಕೇಳಿ. ಹಬ್ಬ, ವಾರ, ಬೆಳೆ, ಇವು ನೆನಪಿನಲ್ಲಿ ಉಳಿಯುತ್ತವೆ. ತಾರೀಖನ್ನು ಅದರಿಂದ ನೀವು ಲೆಕ್ಕ ಹಾಕಿಕೊಳ್ಳಿ.

ಆ ಜುಲೈ 31ರ ಸಂಜೆ ಚಾಚಾ ಬಂದಿದ್ದರು. ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನಲ್ಲಿ ಗಣಿ ಕೆಲಸ ಮಾಡಿ ನಿವೃತ್ತರಾದ ಒಬ್ಬರು ಜಿಮ್ ರೀವ್ಸ್ ರೆಕಾರ್ಡನ್ನು ಟವೆಲಿನಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಬಂದಿದ್ದರು. ನಮ್ಮಲ್ಲಿ ಅದನ್ನು ಹಾಕುವ ಮಿಷನ್ ಇರಲಿಲ್ಲ, ಫೋನಿನಿಂದಲೇ ಕೇಳಿಸಿದೆವು. ಅವರು ರೆಕಾರ್ಡನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೇಳಿದರು. ಆಮೇಲೆ ರಫಿ ಹಾಡಿದ ಕನ್ನಡ ಹಾಡು, ‘ಒಂದೇ ಬಳ್ಳಿಯ ಹೂಗಳು’ ಚಿತ್ರದ ‘ನೀನೆಲ್ಲಿ ನಡೆವೆ ದೂರ’ ಹಾಕಿದೆವು. 1967ರ ಹಾಡು. ಇಬ್ಬರೂ ಪಕ್ಕ ಪಕ್ಕ ಕೂತಿದ್ದರು, ಹಾಡು ಮುಗಿಯುವವರೆಗೆ ಯಾರೂ ಮಾತಾಡಲಿಲ್ಲ.

ಹೆಜ್ಜೆ 5: ದಾರ ಹುಡುಕಿ, ಉಳಿದದ್ದನ್ನು ಬಿಡಿ

ಮತ್ತೆ ಡಿಸೆಂಬರ್ 29ಕ್ಕೆ ಬರೋಣ. ಪುಟದಲ್ಲಿ ಎಂಟು ಸಾಲಿವೆ. ಯಾವುದು ಇರಬೇಕು?

ಪ್ರತಿ ಸಾಲಿನ ಮುಂದೆ ಒಂದು ಪ್ರಶ್ನೆ ಬರೆಯಿರಿ: ಇಲ್ಲಿಂದ ಕೋಲಾರಕ್ಕೆ ಹೇಗೆ ಬರುವುದು? ನಿಮ್ಮೂರು ತುಮಕೂರಾದರೆ ತುಮಕೂರಿಗೆ. ಬಲವಂತವಾಗಿ ಎಳೆಯಬೇಡಿ. ದಾರಿ ಇದ್ದರೆ ಎರಡು ಮೂರು ದಿನದಲ್ಲಿ ತಾನೇ ಕಾಣುತ್ತದೆ.

ನನಗೆ ಕಂಡದ್ದು ಹೀಗೆ. ಅಶ್ವಥ್ ಬೆಂಗಳೂರಿನಲ್ಲಿ ಟೆಲಿಫೋನ್ ತಯಾರಿಸುವ ಐಟಿಐ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಲೇ ಹಾಡು ಕಟ್ಟಿದವರು. ಅವರು ಸಂಗೀತ ಕೊಟ್ಟ ಮೊದಲ ಸಿನಿಮಾ ‘ಕಾಕನ ಕೋಟೆ’, 1977. ನಿರ್ದೇಶನ ಸಿ. ಆರ್. ಸಿಂಹ. ‘ನೇಸರ ನೋಡು’ ಆ ಚಿತ್ರದ್ದೇ. ಸಿನಿಮಾಕ್ಕೆ ಮೂಲ ಮಾಸ್ತಿ ವೆಂಕಟೇಶ ಅಯ್ಯಂಗಾರರ ನಾಟಕ. ಮಾಸ್ತಿ ನಮ್ಮ ಕೋಲಾರ ಜಿಲ್ಲೆಯ ಮಾಲೂರು ತಾಲೂಕಿನವರು. ಅಲ್ಲಿಗೆ ದಾರ ಊರು ಮುಟ್ಟಿತು.

ಆಮೇಲೆ ಮಾಸ್ತಿಯವರ ತಾರೀಖು ನೋಡಿದೆ. ಹುಟ್ಟಿದ್ದು 1891ರ ಜೂನ್ 6. ತೀರಿಕೊಂಡದ್ದು 1986ರ ಜೂನ್ 6. ಒಂದು ಕ್ಷಣ ಪುಟವನ್ನೇ ನೋಡುತ್ತಾ ಕೂತೆ. ಅಶ್ವಥ್‌ಗೆ ಹೇಗೋ ಹಾಗೇ ಮಾಸ್ತಿಗೂ. ಈ ತಾರೀಖನ್ನು ದಿನ ತಿಂಗಳು ತಿರುಗಿಸಿ ಓದಿದರೂ ತಪ್ಪಾಗುವುದಿಲ್ಲ, 6-6.

ದಾರ ಅಲ್ಲಿಗೂ ಮುಗಿಯಲಿಲ್ಲ. ಅಶ್ವಥ್ ಮನೆಮನೆಗೆ ಮುಟ್ಟಿಸಿದ್ದು ಷರೀಫರ ಪದಗಳನ್ನು. 1990ರ ‘ಸಂತ ಶಿಶುನಾಳ ಷರೀಫ’ ಚಿತ್ರಕ್ಕೆ ಸಂಗೀತ ಅವರದ್ದೇ. ಷರೀಫರು ಹುಟ್ಟಿದ್ದು ಜುಲೈ 3, ತೀರಿಕೊಂಡದ್ದು ಜುಲೈ 3. ಅಂದರೆ ಹಾಡಿದವರು, ಅವರಿಗೆ ಮೊದಲ ಸಿನಿಮಾದ ಕಥೆ ಕೊಟ್ಟವರು, ಅವರ ದನಿಗೆ ಪದ ಕೊಟ್ಟವರು, ಮೂವರೂ ಬಂದ ತಾರೀಖಿಗೇ ಹೋದವರು. ಇದರಲ್ಲಿ ದೈವ ಇದೆ ಅಂತಲೋ ಲೆಕ್ಕ ಇದೆ ಅಂತಲೋ ನಾನು ಹೇಳುವುದಿಲ್ಲ. ಆದರೆ ಇದನ್ನು ಹೇಳಿದಾಗ ಇಡೀ ಕೋಣೆ ನಿಶ್ಶಬ್ದವಾಯಿತು.

ಇನ್ನು ಕುವೆಂಪು. ಅದೇ ಡಿಸೆಂಬರ್ 29, 35 ವರ್ಷ ಮೊದಲು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಶ್ವಥ್ ನಡೆಸಿದ ದೊಡ್ಡ ಗಾಯನ ಕಾರ್ಯಕ್ರಮದ ಹೆಸರು ‘ಕನ್ನಡವೇ ಸತ್ಯ’. ಆ ಮಾತು ಕುವೆಂಪು ಅವರ ‘ಎಲ್ಲಾದರು ಇರು’ ಕವಿತೆಯದು. ತನ್ನದೇ ಹುಟ್ಟುಹಬ್ಬದ ಕವಿಯ ಸಾಲನ್ನು ಎತ್ತಿ ಅಷ್ಟು ಜನರಿಗೆ ಹಾಡಿದರು.

ಇಷ್ಟು ಸಿಕ್ಕ ಮೇಲೆ ಬಿಡುವ ಕೆಲಸ ಸುಲಭ. ಟಿಮ್ ಹಾರ್ಡಿನ್, ಫ್ರೆಡ್ಡಿ ಹಬರ್ಡ್ ದೊಡ್ಡವರೇ, ಅವರಿಗೆ ಬೇರೆ ಸಂಜೆ ಬೇಕು. ರಾಜೇಶ್ ಖನ್ನಾ ಹೆಸರು ಬಿಟ್ಟಾಗ ನಮ್ಮವರೇ ಜಗಳ ತೆಗೆದರು. ‘ಆರಾಧನಾ’ದ ಹಾಡು ಅಂದರೆ ಕಣ್ಣ ಮುಂದೆ ಬರುವುದು ಅವರ ಮುಖವೇ, ನಿಜ. ಆದರೆ ಹಾಡಿದವರು ಕಿಶೋರ್, ಸ್ವರ ಹಾಕಿದವರು ಎಸ್. ಡಿ. ಬರ್ಮನ್. ಹಾಡಿನ ದಿನಕ್ಕೆ ಹಾಡಿದವರು, ಬರೆದವರು, ಸ್ವರ ಹಾಕಿದವರು, ನುಡಿಸಿದವರು ಮೊದಲು ಬರಲಿ. ಇದು ನನ್ನ ಹಟ. ನೀವು ಬೇರೆ ಥರ ಮಾಡಬಹುದು.

ಹೊರದೇಶದ ಒಂದು ಹಾಡು ಮಾತ್ರ ಇರಲಿ. ‘ಪೆನ್ನಿ ಲೇನ್’ ನಾನು ಉಳಿಸಿಕೊಂಡೆ. ಅದು ಲಿವರ್‌ಪೂಲಿನ ಒಂದು ಬೀದಿಯ ಹೆಸರು. ಕ್ಷೌರದ ಅಂಗಡಿ, ಬ್ಯಾಂಕು, ಬಸ್ ನಿಲ್ಲುವ ವೃತ್ತ, ಇಷ್ಟೇ ಅದರಲ್ಲಿರುವುದು. ನಮ್ಮ ಕ್ಲಾಕ್ ಟವರ್ ಸುತ್ತ ಓಡಾಡಿದವರಿಗೆ ಆ ಹಾಡು ಅರ್ಥವಾಗದೇ ಇರುತ್ತದಾ? ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿ ಆಮೇಲೆ ಕೇಳಿಸಿ.

ಹೆಜ್ಜೆ 6: ಹಲಗೆ ಬರೆಯುವುದು

ಬೆಳಗ್ಗೆ ಏಳರೊಳಗೆ ಬರೆದು ಮುಗಿಸಿ, ಹಾಲು ತರಲು ಹೋಗುವವರೇ ಮೊದಲ ಓದುಗರು. ಅಕ್ಷರ ರಸ್ತೆಯ ಆ ಕಡೆಯಿಂದ ಕಾಣಬೇಕು. ಐದು ಸಾಲಿಗಿಂತ ಜಾಸ್ತಿ ಬೇಡ. ‘ಸುಪ್ರಸಿದ್ಧ’, ‘ಮೇರು ಪ್ರತಿಭೆ’, ‘ಗಾನ ಗಂಧರ್ವ’ ಇವುಗಳನ್ನು ಬಿಟ್ಟುಬಿಡಿ. ಎಲ್ಲರಿಗೂ ಹಾಕುವ ಹಾರ ಯಾರ ಕೊರಳಿನದೂ ಅಲ್ಲ. ನಾನು ಬರೆದದ್ದು ಇದು:

‘ಡಿಸೆಂಬರ್ 29. ಸಿ. ಅಶ್ವಥ್ ಹುಟ್ಟಿದ ದಿನ, 1939. ತೀರಿಕೊಂಡ ದಿನವೂ ಇದೇ, 2009. ಅವರ ಮೊದಲ ಸಿನಿಮಾ ಕಾಕನ ಕೋಟೆ. ಆ ನಾಟಕ ಬರೆದವರು ನಮ್ಮ ಮಾಸ್ತಿ. ಸಂಜೆ ಐದೂವರೆಗೆ ನೇಸರ ನೋಡೋಣ ಬನ್ನಿ.’

ಹಲಗೆಯ ಮೇಲೆ ಇಡೀ ಹಾಡು ಬರೆಯಬೇಡಿ. ಕವಿ ತೀರಿಕೊಂಡ ಮೇಲೆ 60 ವರ್ಷ ಅವರ ಬರಹದ ಹಕ್ಕು ಮನೆಯವರದ್ದು. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಅಂದರೆ 2054 ಮುಗಿಯುವವರೆಗೆ. ಹೆಸರು, ಒಂದು ಸಾಲು, ಕವಿಯ ಹೆಸರು ಸಾಕು. ಕವಿಯ ಹೆಸರು ಮಾತ್ರ ಬಿಡಲೇಬಾರದು.

ಹೆಜ್ಜೆ 7: ಸಂಜೆ

ಡಿಸೆಂಬರ್ ಕೊನೆಯಲ್ಲಿ ನಮ್ಮಲ್ಲಿ ಆರು ಗಂಟೆಗೆಲ್ಲ ಕತ್ತಲು, ಚಳಿ ಬೇರೆ. ಮನೆಗಳಿಂದ ಅವರೆಕಾಳು ಸಾರಿನ ವಾಸನೆ ಬರಲು ಶುರುವಾದರೆ ಯಾರೂ ಕೂರುವುದಿಲ್ಲ. ಐದೂವರೆಗೆ ಶುರು ಮಾಡಿ ಆರೂಮುಕ್ಕಾಲಿಗೆ ಮುಗಿಸಿ. ಹಾಡು ಐದು, ಪ್ರತಿ ಹಾಡಿಗೆ ಮುಂಚೆ ಮೂರು ನಿಮಿಷದ ಮಾತು. ಮಾತು ಉದ್ದವಾದರೆ ಹಾಡು ಸೊರಗುತ್ತದೆ.

ಆದಷ್ಟು ಹಾಡಿಸಿ. ಊರಲ್ಲಿ ಹಾರ್ಮೋನಿಯಂ ನುಡಿಸುವವರು ಒಬ್ಬರು, ತಬಲಾದವರು ಒಬ್ಬರು ಇದ್ದೇ ಇರುತ್ತಾರೆ. ಭಜನೆ ಮಂಡಳಿಯಲ್ಲಿ ಕೇಳಿ. ಟಿಕೆಟ್ ಇಲ್ಲದೆ ಹವ್ಯಾಸಿ ಸಂಘದವರು ತಾವೇ ಹಾಡಿದರೆ ಹಕ್ಕುಸ್ವಾಮ್ಯದ ಕಾನೂನಿನಲ್ಲಿ ಅದಕ್ಕೆ ವಿನಾಯಿತಿ ಇದೆ. ಶಾಲೆಯೊಳಗೆ ಮಕ್ಕಳು, ಮೇಷ್ಟ್ರುಗಳು ಮನೆಯವರ ಮುಂದೆ ಹಾಡುವುದಕ್ಕೂ ಇದೆ. ಬಯಲಿನಲ್ಲಿ ದೊಡ್ಡದಾಗಿ ರೆಕಾರ್ಡ್ ಹಾಕುವುದು, ಟಿಕೆಟ್ ಇಡುವುದು ಬೇರೆ ವಿಷಯ, ಅದಕ್ಕೆ ಪರವಾನಗಿ ಬೇಕಾಗುತ್ತದೆ. ಹೊರಗೆ ಮೈಕ್ ಕಟ್ಟುವುದಾದರೆ ಪೊಲೀಸ್ ಅನುಮತಿ ತೆಗೆದುಕೊಳ್ಳಿ.

ಹಾಡುಗಳನ್ನು ಇಸವಿಯ ಕ್ರಮದಲ್ಲಿ ಇಡಬೇಡಿ. ಊರಿನಿಂದ ಹೊರಟು ಊರಿಗೆ ಬರುವ ಹಾಗೆ ಇಡಿ. ನಮ್ಮದು ‘ನೇಸರ ನೋಡು’ವಿನಿಂದ ಶುರುವಾಯಿತು. ಎರಡನೆಯದು ‘ಪೆನ್ನಿ ಲೇನ್’, ಫೋನಿನಿಂದ. ಮೂರನೆಯದಕ್ಕೆ ಷರೀಫರ ‘ಕೋಡಗನ ಕೋಳಿ ನುಂಗಿತ್ತ’, ಮಕ್ಕಳು ಚಪ್ಪಾಳೆ ತಟ್ಟಲು ಶುರು ಮಾಡಿದರು. ನಾಲ್ಕನೆಯದು ಕುವೆಂಪು ಅವರ ‘ಓ ನನ್ನ ಚೇತನ’. ಐದನೆಯದನ್ನು ನಾನು ಮೊದಲೇ ಗೊತ್ತು ಮಾಡುವುದಿಲ್ಲ, ಕೂತವರಲ್ಲಿ ಯಾರಾದರೂ ಹೇಳಲಿ ಅಂತ ಬಿಡುತ್ತೇನೆ. ಆ ದಿನ ಒಬ್ಬ ಅಜ್ಜಿ ‘ಮೊದಲಿಂದೇ ಇನ್ನೊಂದ್ಸಲ ಹೇಳ್ರಪ್ಪಾ’ ಅಂದರು. ‘ನೇಸರ ನೋಡು’ ಎರಡನೇ ಸಲ ಹಾಡಿದಾಗ ಅರ್ಧ ಕೋಣೆ ಜೊತೆಗೆ ಹಾಡಿತು.

ಹೆಜ್ಜೆ 8: ಮನೆಗೆ ಹೋಗುವ ಮುಂಚೆ

ಬಾಗಿಲ ಹತ್ತಿರ ನೋಟ್‌ಬುಕ್ ಮತ್ತು ಪೆನ್ನು ಇಡಿ. ಯಾರಿಗಾದರೂ ಆ ತಾರೀಖಿನ ನೆನಪಿದ್ದರೆ ಬರೆಯಲಿ, ಬರೆಯಲು ಬಾರದವರು ಹೇಳಲಿ, ನೀವು ಬರೆದುಕೊಳ್ಳಿ. ಹೆಸರು ಹಾಕಬೇಕಾ ಅಂತ ಕೇಳಿ. ತಪ್ಪು ತೋರಿಸಿದವರ ಮಾತನ್ನು ಅಲ್ಲೇ, ಅವರ ಎದುರಿಗೇ ಬರೆದುಕೊಳ್ಳಿ. ಮುಂದಿನ ವರ್ಷ ಅದೇ ತಾರೀಖು ಮತ್ತೆ ಬರುತ್ತದೆ, ಆಗ ಈ ಪುಟದಿಂದಲೇ ಶುರು ಮಾಡಬಹುದು.

ಹಲಗೆಯನ್ನು ಅದೇ ರಾತ್ರಿ ಒರೆಸಬೇಡಿ. ಮರುದಿನ ಬೆಳಗ್ಗೆ ಓದುವವರೂ ಇರುತ್ತಾರೆ.

ನಾನು ಈಗ ಜೂನ್ 6ರ ಪುಟಕ್ಕೆ ಗೆರೆ ಹಾಕಿದ್ದೇನೆ. ಮೊದಲ ಎರಡು ಸಾಲೂ ಮಾಸ್ತಿಯವರದ್ದೇ, 1891 ಮತ್ತು 1986. ಮಾಲೂರಿನ ಕಡೆ ಆ ಎರಡನೇ ದಿನವನ್ನು ನೆನಪಿಟ್ಟುಕೊಂಡವರು ಇನ್ನೂ ಇದ್ದಾರೆ. ಮುಂದಿನ ಭಾನುವಾರ ಬಸ್ ಹಿಡಿದು ಹೋಗಬೇಕು.